ಪಟ್ಟಿಯಲ್ಲಿದ್ದ ನೀಲಿ ಹೂಜಿ

ನಮ್ಮ ದೊಡ್ಡಮ್ಮ ಐವತ್ತು ವರ್ಷ ಬೇರೆಯವರ ಮನೆ ಗುಡಿಸಿ ಒರೆಸಿದವಳು. ಆದರೆ ಅಂಥ ಒಂದು ಮನೆಯಲ್ಲೂ ಕಾಲು ಚಾಚಿ ಮಲಗಿದವಳಲ್ಲ. ಅವಳನ್ನು ಮೂರು ದಿನ ಒಂದು ಒಳ್ಳೇ ಮನೆಯಲ್ಲಿ ಸುಮ್ಮನೆ ಕೂರಿಸಬೇಕು, ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಸಮುದ್ರ ಕಾಣಬೇಕು ಅಂತ ಆಸೆಪಟ್ಟವಳು ನಾನು. ಆದದ್ದಕ್ಕೆಲ್ಲ ಮೊದಲ ಕಾರಣ ಆ ಆಸೆಯೇ.

ದೊಡ್ಡಮ್ಮ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಹನ್ನೆರಡನೇ ವಯಸ್ಸಿಗೆ ಪೊರಕೆ ಹಿಡಿದು ತಂಗಿಯನ್ನು ಸಾಕಿದಳು, ತಂಗಿಯ ಗಂಡ ಬೇಗ ತೀರಿಕೊಂಡ ಮೇಲೆ ನನ್ನನ್ನೂ ಸಾಕಿದಳು. ಅವಳು ತೊಳೆದ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಕೈಯಲ್ಲಿ ಲೋಟ ಇದೆಯೋ ಇಲ್ಲವೋ ಅಂತ ಅನುಮಾನ ಬರಬೇಕು, ಅಷ್ಟು ಚೊಕ್ಕ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಂದೇ ಒಂದು ವಿಚಿತ್ರ ಅಭ್ಯಾಸ. ಕೆಲಸ ಮುಗಿಸಿ ಹೊರಡುವಾಗ, ಮನೆಯವರು ಕೇಳಲಿ ಬಿಡಲಿ, ಬಾಗಿಲ ಹತ್ತಿರ ನಿಂತು ತನ್ನ ಕೈಚೀಲದ ಬಾಯಿ ಅಗಲಿಸಿ ತೋರಿಸುತ್ತಿದ್ದಳು. "ಅಯ್ಯೋ, ಯಾಕೆ ಇದೆಲ್ಲ?" ಅಂತ ಅವರು ಮುಜುಗರ ಪಟ್ಟರೂ ಬಿಡುತ್ತಿರಲಿಲ್ಲ.

ಅದರ ಹಿಂದಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳಿಗೆ ಹದಿನಾಲ್ಕು ವರ್ಷ ಇದ್ದಾಗ ಕೆಲಸದ ಮನೆಯ ಯಜಮಾನಿಯ ಕೈಗಡಿಯಾರ ಕಾಣೆಯಾಯಿತು. ಇವಳನ್ನು ಉಗ್ರಾಣದಲ್ಲಿ ನಿಲ್ಲಿಸಿ, ಜಡೆ ಬಿಚ್ಚಿಸಿ, ಚೀಲ ನೆಲಕ್ಕೆ ಸುರಿದು ಹುಡುಕಿದರು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ತನಕ ಅಲ್ಲೇ ಕೂಡಿಹಾಕಿದರು. ಹದಿನೈದು ದಿನ ಕಳೆದ ಮೇಲೆ ಅದೇ ಗಡಿಯಾರ ಯಜಮಾನಿಯ ಕೈಯಲ್ಲಿತ್ತು. ಎಲ್ಲಿ ಸಿಕ್ಕಿತು ಅಂತ ಯಾರೂ ತುಟಿ ಬಿಚ್ಚಲಿಲ್ಲ. ಇವಳು ಕೇಳಲೂ ಇಲ್ಲ. ಅವತ್ತಿನಿಂದ ದೊಡ್ಡಮ್ಮನಿಗೆ ಜನಕ್ಕಿಂತ ಜನರ ಸಾಮಾನು ಕಂಡರೆ ಹೆಚ್ಚು ಭಯ. ಯಾವ ವಸ್ತು ಯಾವಾಗ ಮಾಯವಾಗಿ ಯಾರ ತಲೆಗೆ ಬರುತ್ತೋ ಹೇಳೋಕಾಗಲ್ಲ ಅನ್ನುವವಳು ಅವಳು.

ನಾನು ಹಲ್ಲಿನ ಡಾಕ್ಟರೊಬ್ಬರ ಬಳಿ ಎಂಟು ವರ್ಷದಿಂದ ಸಹಾಯಕಿ. ಒಂದು ದಿನ ಊಟದ ಹೊತ್ತಿಗೆ ಅಮ್ಮನನ್ನೂ ದೊಡ್ಡಮ್ಮನನ್ನೂ ಎಲ್ಲಾದರೂ ಕರೆದುಕೊಂಡು ಹೋಗಬೇಕು ಅಂದೆ. ಡಾಕ್ಟರಮ್ಮ ತಕ್ಷಣ, "ನನ್ನ ಗೆಳತಿದು ಸಮುದ್ರದ ಹತ್ತಿರ ಒಂದು ಮನೆ ಇದೆ. ಪ್ರವಾಸಕ್ಕೆ ಬರೋರಿಗೆ ಬಾಡಿಗೆಗೆ ಕೊಡ್ತಾಳೆ. ಅಡುಗೆಮನೆ, ಪಾತ್ರೆಪಗಡ ಎಲ್ಲ ಇದೆ, ನೀವೇ ಮಾಡ್ಕೊಂಡು ತಿನ್ನಬಹುದು. ನನ್ನ ಹೆಸರು ಹೇಳು ಸಾಕು" ಅಂದರು. ನಾನು ಹಿಗ್ಗಿಹೋದೆ. ಇನ್ನೊಬ್ಬರ ಹೆಸರು ಹೇಳಿ ಒಳಗೆ ಹೋದರೆ, ಹೊರಗೆ ಬರುವಾಗ ಆ ಹೆಸರನ್ನೂ ಹಾಳಾಗದಂತೆ ತರಬೇಕು ಅನ್ನೋದು ಆಗ ಹೊಳೆಯಲಿಲ್ಲ.

ಹೊರಟವರು ನಾಲ್ವರು. ನಾನು, ಅಮ್ಮ, ದೊಡ್ಡಮ್ಮ ಮತ್ತು ಏಳು ವರ್ಷದ ನನ್ನ ಮಗಳು. ಒಂದು ಕಡೆ ಕೂರದ ಅವಳನ್ನು ನಾವು ಕರೆಯೋದೇ ಚಿಟ್ಟೆ ಅಂತ. ಮಧ್ಯಾಹ್ನ ಬಸ್ಸಿಳಿದು ಮನೆ ಹುಡುಕಿಕೊಂಡು ಹೋದೆವು. ಮನೆಯಲ್ಲಿ ಯಾರೂ ಇರಲಿಲ್ಲ. ಗೇಟಿನ ಪಕ್ಕದ ಗೋಡೆಗೆ ಒಂದು ಪುಟ್ಟ ಕಬ್ಬಿಣದ ಡಬ್ಬಿ, ಅದಕ್ಕೆ ನಂಬರಿನ ಬೀಗ. ಫೋನಿನಲ್ಲಿ ಬಂದಿದ್ದ ನಂಬರು ತಿರುಗಿಸಿದರೆ ಒಳಗೆ ಮನೆಯ ಕೀ. ನಾನು ತಿರುಗಿಸಿದೆ. ಬೀಗ ಬಿಡಲಿಲ್ಲ. ಮತ್ತೆ ತಿರುಗಿಸಿದೆ.

ದೊಡ್ಡಮ್ಮ ರಸ್ತೆಯ ಆಚೆ ಬದಿಯಲ್ಲೇ ನಿಂತುಬಿಟ್ಟಳು.

"ಬಾ ದೊಡ್ಡಮ್ಮ, ಬಿಸಿಲಲ್ಲಿ ಯಾಕೆ ನಿಂತಿದೀಯ?"

"ಮನೆಯವರಿಲ್ಲದ ಮನೆಗೆ ಬೀಗ ತೆಗೆದು ಹೋಗೋರು ಯಾರು ಗೊತ್ತಾ?" ಅಂದಳು. "ಅವರು ಬರಲಿ. ನಾನು ಇಲ್ಲೇ ಇರ್ತೀನಿ."

"ಅವರು ಬರೋದೇ ಇಲ್ಲ. ಈಗೆಲ್ಲ ಹೀಗೇ."

"ಬರೋದೇ ಇಲ್ವಾ?" ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು. "ಹಾಗಾದ್ರೆ ನಾವು ಬಂದಾಗ ಏನಿತ್ತು, ಹೋಗುವಾಗ ಏನಿತ್ತು ಅಂತ ನೋಡೋರು ಯಾರು?"

ಐದನೇ ಸಲಕ್ಕೆ ಡಬ್ಬಿ ಬಾಯಿ ಬಿಟ್ಟಿತು. ಅಮ್ಮ ಅಕ್ಕನ ತೋಳು ಹಿಡಿದು ಎಳೆದುಕೊಂಡೇ ಒಳಗೆ ಬಂದಳು.

ಮನೆ ಚೆನ್ನಾಗಿಯೇ ಇತ್ತು. ಆದರೆ ಚಿಕ್ಕಪುಟ್ಟ ಕಿರಿಕಿರಿಗಳಿಗೆ ಕೊನೆಯಿರಲಿಲ್ಲ. ಚಾಕು ಟೊಮೇಟೊವನ್ನು ಕೊಯ್ಯುವ ಬದಲು ಜಜ್ಜುತ್ತಿತ್ತು. ಮೂರು ಪಾತ್ರೆ, ನಾಲ್ಕು ಮುಚ್ಚಳ, ಯಾವುದಕ್ಕೂ ಯಾವುದೂ ಕೂರದು. ಕರೆಂಟಿನ ಒಲೆಯ ಮೇಲೆ ಪಾತ್ರೆ ಇಟ್ಟರೆ ಅದು ಕೀಂ ಕೀಂ ಅಂತ ಕೂಗಿ ಆರಿಹೋಗುತ್ತಿತ್ತು. "ಈ ಪಾತ್ರೆ ಅದಕ್ಕೆ ಹಿಡಿಸಲಿಲ್ಲ ಅಂತ ಕಾಣುತ್ತೆ, ಬಲು ಗತ್ತಿನ ಒಲೆ" ಅಂದಳು ಅಮ್ಮ. ಎಲ್ಲಿ ನೋಡಿದರೂ ಅಂಟಿಸಿದ ಚೀಟಿಗಳು. ಗೋಡೆಗೆ ಒರಗಬೇಡಿ. ಈ ಟವೆಲಿನಿಂದ ಕಾಲು ಒರೆಸಬೇಡಿ. ಈ ಕಿಟಕಿ ತೆರೆಯಬೇಡಿ. ಬಚ್ಚಲಿನ ನಲ್ಲಿಯ ಮೇಲೆ, "ಮೆಲ್ಲಗೆ". ಹಜಾರದ ಕೊನೆಯಲ್ಲಿ ಬೀಗ ಹಾಕಿದ ಒಂದು ಕೋಣೆ, ಅದರ ಮೇಲೆ, "ಮಾಲೀಕರ ಸ್ವಂತ ಸಾಮಾನು".

ನಮಗೆ ನಗು ಬಂತು. ದೊಡ್ಡಮ್ಮ ಮಾತ್ರ ಒಂದೊಂದೇ ಚೀಟಿಯ ಮುಂದೆ ನಿಂತು, ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ಬೀಗ ಹಾಕಿದ ಕೋಣೆಯ ಮುಂದೆ ಒಂದು ಕುರ್ಚಿ ಎಳೆದು ಅಡ್ಡ ಇಟ್ಟಳು. ಯಾಕೆ ಅಂತ ಕೇಳಿದ್ದಕ್ಕೆ, "ನಾವು ಆ ಕಡೆ ಹೋಗೇ ಇಲ್ಲ ಅಂತ ಗೊತ್ತಾಗಲಿ" ಅಂದಳು. ಯಾರಿಗೆ ಗೊತ್ತಾಗಲಿ ಅಂತ ಹೇಳಲಿಲ್ಲ. ಚಾವಣಿಯಲ್ಲಿ ಬಟ್ಟಲು ಕವುಚಿದಂಥ ಒಂದು ಬಿಳಿ ಯಂತ್ರವಿತ್ತು, ಮಧ್ಯೆ ಕೆಂಪು ಚುಕ್ಕೆ ಮಿನುಗುತ್ತಿತ್ತು. ಹೊಗೆ ಬಂದರೆ ಕೂಗೋ ಯಂತ್ರ ಅಂತ ಹೇಳಿದೆ. ಅವಳು ನಂಬಲಿಲ್ಲ. ಅದರ ಕೆಳಗೆ ಹಾದುಹೋಗುವಾಗೆಲ್ಲ ಎರಡು ಕೈಯನ್ನೂ ಕಾಣುವ ಹಾಗೆ ಮುಂದೆ ಹಿಡಿದುಕೊಂಡು ಹೋಗುತ್ತಿದ್ದಳು.

ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಇನ್ನೊಂದು ಚೀಟಿ ಸಿಕ್ಕಿತು. ಅದು ಸಾಮಾನಿನ ಪಟ್ಟಿ. ತಟ್ಟೆ ಆರು, ಚಮಚ ಆರು, ಗಾಜಿನ ಲೋಟ ನಾಲ್ಕು, ಹೀಗೆ ಕೆಳಗಿನ ತನಕ. ನಾವಿನ್ನೂ ಬಟ್ಟೆ ಬದಲಾಯಿಸಿರಲಿಲ್ಲ, ದೊಡ್ಡಮ್ಮ ಎಣಿಸಲು ಶುರುಮಾಡಿದ್ದಳು. ಅರ್ಧ ಗಂಟೆಯಾದ ಮೇಲೆ ನನ್ನ ಹತ್ತಿರ ಬಂದಳು. ಹಣೆಯಲ್ಲಿ ಬೆವರು.

"ಒಂದು ಇಲ್ಲ."

"ಏನಿಲ್ಲ?"

"ನೀಲಿ ಗಾಜಿನ ಹೂಜಿ, ಒಂದು ಅಂತ ಬರೆದಿದೆ. ಇಲ್ಲ. ಎಲ್ಲ ಕಡೆ ನೋಡಿದೆ."

"ಹಳೇ ಪಟ್ಟಿ ಇರಬೇಕು ಬಿಡು ದೊಡ್ಡಮ್ಮ. ಎಂದೋ ಒಡೆದಿರ್ತಾರೆ."

"ಈಗಲೇ ಫೋನ್ ಮಾಡಿ ಹೇಳಿಬಿಡು. ಬಂದಾಗಲೇ ಇರಲಿಲ್ಲ ಅಂತ."

"ಒಂದು ಹೂಜಿಗೆ ಫೋನ್ ಮಾಡಿದ್ರೆ ನಗ್ತಾರೆ."

"ನಗಲಿ. ನೀನು ಮಾಡು."

ನಾನು ಆಯ್ತು ಅಂದೆ. ಮಾಡಲಿಲ್ಲ. ಅಷ್ಟರಲ್ಲಿ ಚಿಟ್ಟೆ ಸಮುದ್ರ ಸಮುದ್ರ ಅಂತ ಕುಣಿಯುತ್ತಿದ್ದಳು, ನನಗೂ ಮರೆತುಹೋಯಿತು. ಮರೆಯಿತು ಅನ್ನೋದೂ ಪೂರ್ತಿ ನಿಜವಲ್ಲ. ಡಾಕ್ಟರಮ್ಮನ ಗೆಳತಿಗೆ ಮೊದಲ ದಿನವೇ ಕೊಂಕು ತೆಗೆಯೋದು ಬೇಡ ಅನ್ನಿಸಿತು.

ಸಂಜೆಯಿಂದ ಆ ಚಾವಣಿಯ ಯಂತ್ರ ಪೀಕ್ ಅಂತ ಒಂದು ಸಣ್ಣ ಕೂಗು ಹಾಕತೊಡಗಿತು. ನಿಮಿಷಕ್ಕೊಂದು ಸಲ. ಇನ್ನೇನು ನಿಂತಿತು ಅನ್ನುವಾಗ ಮತ್ತೊಂದು. ಶೆಲ್ಲು ಮುಗಿದರೆ ಹಾಗೆ ಕೂಗುತ್ತೆ ಅಂತ ನನಗೆ ಗೊತ್ತಿತ್ತು. ದೊಡ್ಡಮ್ಮ ಮಾತ್ರ ಪ್ರತಿ ಕೂಗಿಗೂ ಬೆಚ್ಚಿಬೀಳುತ್ತಿದ್ದಳು, ಯಾರೋ ತನ್ನನ್ನು ಹೆಸರು ಹಿಡಿದು ಕರೆದಂತೆ. ಬೆಳಿಗ್ಗೆ ನೋಡಿದರೆ ಅವಳ ಕಣ್ಣು ಕೆಂಪಗಿತ್ತು, ಅವಳ ಮಂಚದ ಹಾಸಿಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಎದ್ದ ತಕ್ಷಣ ಸರಿಮಾಡಿರಬೇಕು ಅಂದುಕೊಂಡೆ.

ನನಗೂ ನಿದ್ದೆ ಕೆಟ್ಟು ತಲೆ ಸಿಡಿಯುತ್ತಿತ್ತು. ಕೊಂಕು ಬೇಡ ಅಂತಿದ್ದವಳು ಮಾಲೀಕಳಿಗೆ ಸಂದೇಶ ಕಳಿಸಿದೆ. ಯಂತ್ರ ಕೂಗುತ್ತಿದೆ, ದಯವಿಟ್ಟು ನೋಡಿ. "ಕ್ಷಮಿಸಿ, ಕೆಲಸದವಳನ್ನು ಕಳಿಸುತ್ತೇನೆ, ಅವಳ ಹತ್ತಿರ ಇನ್ನೊಂದು ಕೀ ಇದೆ. ನೀವು ಹೊರಗೆ ಹೋಗಿಬನ್ನಿ" ಅಂತ ಉತ್ತರ ಬಂತು.

ದೊಡ್ಡಮ್ಮ ಹೊರಡಲು ಒಪ್ಪಲಿಲ್ಲ.

"ಅವಳು ಬಂದು ಹೋಗುವಾಗ ನಮ್ಮೋರು ಒಬ್ಬರು ಇರಬೇಕು" ಅಂದಳು.

"ಶೆಲ್ಲು ಹಾಕಿ ಹೋಗ್ತಾಳೆ, ಅಷ್ಟೇ. ನೀನು ಕಾವಲು ಕಾಯೋಕೆ ಬಂದಿದೀಯಾ?"

"ನಿನಗೆ ಗೊತ್ತಾಗಲ್ಲ."

"ಅಕ್ಕಾ, ಚಪ್ಪಲಿ ಹಾಕ್ಕೋ" ಅಂದಳು ಅಮ್ಮ. ಅಮ್ಮ ಆ ದನಿಯಲ್ಲಿ ಹೇಳಿದರೆ ದೊಡ್ಡಮ್ಮ ಎದುರಾಡುವುದಿಲ್ಲ. ಹಾಕಿಕೊಂಡಳು.

ಸಮುದ್ರದ ದಂಡೆಯಲ್ಲಿ ಅವಳು ನೀರಿಗೆ ಬೆನ್ನು ಮಾಡಿ ಕೂತಿದ್ದಳು. ಮನೆಯಿದ್ದ ದಿಕ್ಕನ್ನೇ ನೋಡುತ್ತಿದ್ದಳು. ಚಿಟ್ಟೆ, "ದೊಡ್ಡಜ್ಜಿ, ಸಮುದ್ರ ಈ ಕಡೆ ಇದೆ" ಅಂತ ಅವಳ ಗಲ್ಲ ಹಿಡಿದು ತಿರುಗಿಸಿದಳು. ಒಂದು ಗಳಿಗೆ ನೋಡಿದಳು. ಮತ್ತೆ ತಿರುಗಿಕೊಂಡಳು. ವಾಪಸ್ಸು ಬರುವ ದಾರಿಯಲ್ಲಿ ಒಂದು ಪಾತ್ರೆ ಅಂಗಡಿಯ ಮುಂದೆ ನಿಂತು, ಗಾಜಿನ ಸಾಮಾನಿನ ಸಾಲನ್ನು ಬಹಳ ಹೊತ್ತು ನೋಡಿದಳು. "ಏನು ಬೇಕು?" ಅಂದರೆ, "ಏನಿಲ್ಲ" ಅಂದಳು.

ಮನೆಗೆ ಬಂದಾಗ ಯಂತ್ರದ ಕೂಗು ನಿಂತಿತ್ತು. ಆ ನಿಶ್ಶಬ್ದಕ್ಕೆ ನಾನು ಖುಷಿಪಡುವಷ್ಟರಲ್ಲಿ ಫೋನ್ ಬಂತು. ಮಾಲೀಕಳ ದನಿ ಸಕ್ಕರೆಯಂತಿತ್ತು.

"ಒಂದು ಚಿಕ್ಕ ವಿಷಯ. ಅಲ್ಲೊಂದು ನೀಲಿ ಹೂಜಿ ಇತ್ತಲ್ಲ, ನಮ್ಮ ತಾಯಿದು. ಬರುವಾಗ ತಗೊಂಡು ಬಾ ಅಂತ ಕೆಲಸದವಳಿಗೆ ಹೇಳಿದ್ದೆ. ಕಾಣಿಸ್ತಾ ಇಲ್ಲ ಅಂತಾಳೆ."

"ಅದು ನಾವು ಬಂದಾಗಲೇ ಇರಲಿಲ್ಲ" ಅಂದೆ.

"ಹೌದಾ? ನಿಮಗೋಸ್ಕರ ಮನೆ ರೆಡಿ ಮಾಡಿದ ದಿನ ಅವಳೇ ಒರೆಸಿ ಕಪಾಟಿನಲ್ಲಿ ಇಟ್ಟಿದ್ಲಂತೆ." ಆಮೇಲೆ ಅದೇ ಸಕ್ಕರೆ ದನಿಯಲ್ಲಿ, "ಇಲ್ಲ ಅಂತ ನೀವು ನಿನ್ನೇನೇ ಹೇಳಲಿಲ್ವಲ್ಲ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅನುಮಾನ ಅಂತಲ್ಲ, ಬೇಜಾರು ಮಾಡ್ಕೋಬೇಡಿ. ಮಗು ಕೈಗೆ ಸಿಕ್ಕಿರಬಹುದು. ಇಲ್ಲ, ಬಟ್ಟೆ ಜೊತೆ ಎಲ್ಲಾದ್ರೂ ಸೇರಿರಬಹುದು. ನಿಮ್ಮ ಜೊತೆ ವಯಸ್ಸಾದವರೊಬ್ಬರು ಬಂದಿದಾರಲ್ಲ, ಮನೆಕೆಲಸ ಮಾಡ್ಕೊಂಡಿದ್ರು ಅಂತ ಡಾಕ್ಟರು ಹೇಳ್ತಿದ್ರು. ಒಂದ್ಸಲ ಎಲ್ಲರ ಸಾಮಾನು ನೋಡಿಬಿಡಿ. ಡಾಕ್ಟರಿಗೆ ಈಗಲೇ ಹೇಳೋದು ಬೇಡ ಅಂದ್ಕೊಂಡಿದೀನಿ."

ಫೋನ್ ಇಟ್ಟೆ. ಆ 'ಈಗಲೇ' ಅನ್ನುವ ಒಂದು ಪದ ಕಿವಿಯಲ್ಲಿ ನಿಂತುಬಿಟ್ಟಿತು. ಎಂಟು ವರ್ಷ ಒಂದು ಇಕ್ಕಳವೂ ಅತ್ತಿತ್ತ ಆಗದಂತೆ ನೋಡಿಕೊಂಡವಳು ನಾನು. ಔಷಧದ ಕಪಾಟಿನ ಕೀ ನನ್ನ ಹತ್ತಿರ ಇರುತ್ತೆ. ನಾಳೆಯಿಂದ ಡಾಕ್ಟರಮ್ಮ ಆ ಕೀ ವಾಪಸ್ಸು ಕೇಳಿದರೆ?

ಭಯ ಅನ್ನೋದು ಒಳಗೆ ಬಂದರೆ ಸುಮ್ಮನೆ ಕೂರುವ ನೆಂಟನಲ್ಲ, ಮನೆಯೆಲ್ಲ ಜಾಲಾಡುತ್ತೆ. ಹೂಜಿ ಇಲ್ಲ ಅಂತ ಬಂದ ಅರ್ಧ ಗಂಟೆಯಲ್ಲೇ ದೊಡ್ಡಮ್ಮನಿಗೆ ಹೇಗೆ ಗೊತ್ತಾಯಿತು? ಮನೆ ಬಿಟ್ಟು ಬರೋಕೆ ಯಾಕೆ ಅಷ್ಟು ಹಟ ಮಾಡಿದಳು? ಗಾಜಿನ ಅಂಗಡಿಯ ಮುಂದೆ ಯಾಕೆ ನಿಂತಳು? ತೊಳೆಯುವಾಗ ಒಡೆದು, ಹೆದರಿ, ಚೂರನ್ನು ಚೀಲದಲ್ಲಿ ಮುಚ್ಚಿಟ್ಟಿದ್ದರೆ? ಕದ್ದಳು ಅಂತ ನಾನು ಅಂದುಕೊಳ್ಳಲಿಲ್ಲ. ದೇವರಾಣೆ ಅಂದುಕೊಳ್ಳಲಿಲ್ಲ. ಆದರೆ ಕೈ ಅದನ್ನೆಲ್ಲ ಕೇಳಲಿಲ್ಲ.

ಅಮ್ಮ ಚಿಟ್ಟೆಯ ತಲೆಯಿಂದ ಮರಳು ತೊಳೆಯಲು ಬಚ್ಚಲಿಗೆ ಹೋಗಿದ್ದಳು. ದೊಡ್ಡಮ್ಮ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದಳು. ನಾನು ಅವಳ ಕೋಣೆಗೆ ಹೋಗಿ, ಮಂಚದ ಕೆಳಗಿದ್ದ ಅವಳ ಚೀಲವನ್ನು ಎಳೆದು, ನೆಲದ ಮೇಲೆ ಮಂಡಿಯೂರಿ, ಜಿಪ್ ತೆಗೆದೆ.

ಮೇಲೆ ಎರಡು ಜೊತೆ ಬಟ್ಟೆ. ಅದರ ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಟ್ಟಿ ಗಂಟು. ಬಿಚ್ಚಿದೆ. ಒಂದು ಸ್ಟೀಲ್ ತಟ್ಟೆ, ಒಂದು ಸ್ಟೀಲ್ ಲೋಟ, ಒಂದು ಚಮಚ. ನಮ್ಮ ಮನೆಯವು. ತಟ್ಟೆಯ ಅಂಚಿನ ನೆಗ್ಗು ನಾನು ಚಿಕ್ಕವಳಿದ್ದಾಗ ಬೀಳಿಸಿದ್ದು. ಅದರ ಕೆಳಗೆ ನಮ್ಮ ಮನೆಯದೇ ಒಂದು ಹೊದಿಕೆ, ಒಂದು ಟವೆಲ್, ಅರ್ಧ ಸವೆದ ಸೋಪು. ಬಂದಾಗಿನಿಂದ ಅವಳು ಎಲ್ಲರ ಊಟ ಆದ ಮೇಲೆ ಅಡುಗೆಮನೆಯಲ್ಲೇ ಉಣ್ಣುತ್ತಿದ್ದಳು. ಅಭ್ಯಾಸ ಅಂದುಕೊಂಡಿದ್ದೆ. ಆ ಮನೆಯ ಒಂದು ಲೋಟದಲ್ಲೂ ಅವಳು ನೀರು ಕುಡಿದಿರಲಿಲ್ಲ, ಆ ಹಾಸಿಗೆಯ ಮೇಲೆ ಮಲಗಿಯೂ ಇರಲಿಲ್ಲ. ಸುಕ್ಕಿಲ್ಲದ ಹಾಸಿಗೆ ನೋಡಿ ಬೆಳಿಗ್ಗೆ ನನಗೆ ಏನೂ ಹೊಳೆದಿರಲಿಲ್ಲ. ರಾತ್ರಿ ನೆಲದ ಮೇಲೆ ತನ್ನ ಹೊದಿಕೆ ಹಾಸಿಕೊಂಡಿದ್ದಳು.

ಹೊದಿಕೆಯ ಮಡಿಕೆಯಲ್ಲಿ ಒಂದು ಕಾಗದ. ದಪ್ಪ ದಪ್ಪ ಅಕ್ಷರದಲ್ಲಿ ಅವಳದೇ ಬರಹ. ತಟೆ ೬ ಇದೆ. ಚಮಚ ೬ ಇದೆ. ಲೋಟ ೪ ಇದೆ. ಹೂಜಿ ಇಲ. ಮೊದಲ ದಿನದ ತಾರೀಖು, ಗಂಟೆ ಮೂರು.

"ಕೆಳಗಿನ ತನಕ ನೋಡು" ಅಂತ ಹಿಂದಿನಿಂದ ಕೇಳಿಸಿತು.

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು, ಎದೆಯ ತುಂಬ ಒಣಗಿದ ಬಟ್ಟೆ ಅಪ್ಪಿಕೊಂಡು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಬಟ್ಟೆ ಮಂಚದ ಮೇಲಿಟ್ಟು ನನ್ನ ಪಕ್ಕ ಕೂತು, ಚೀಲ ತೆಗೆದುಕೊಂಡು ತಲೆಕೆಳಗು ಮಾಡಿ ಕೊಡವಿದಳು. ಪಕ್ಕದ ಜೇಬುಗಳನ್ನು ಒಳಹೊರಗು ಮಾಡಿ ತೋರಿಸಿದಳು. ಅಷ್ಟೂ ವರ್ಷ ಬೇರೆ ಯಜಮಾನಿಯರಿಗೆ ತೋರಿಸಿದ ಹಾಗೇ.

"ಮೇಲೆ ಮೇಲೆ ನೋಡಿದ್ರೆ ಆಮೇಲೆ ಮತ್ತೆ ಅನುಮಾನ ಬರುತ್ತೆ" ಅಂದಳು. "ಹೂಜಿ ಕೇಳಿದ್ರಾ?"

ನಾನು ತಲೆಯಾಡಿಸಿದೆ. ಅವಳು ಬಟ್ಟೆಗಳನ್ನು ಮತ್ತೆ ಮಡಿಸತೊಡಗಿದಳು.

"ಪೊಲೀಸಿಗೆ ಹೇಳ್ತಾರಂತಾ?"

"ಇಲ್ಲ ದೊಡ್ಡಮ್ಮ. ಛೆ, ಹಾಗೇನಿಲ್ಲ."

"ನಿನ್ನ ಡಾಕ್ಟರಿಗೆ?"

ನಾನು ತಟ್ಟೆಯನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದೆ. ಅವಳಿಗೆ ಅರ್ಥವಾಯಿತು.

ಅವತ್ತು ಅವಳು ಊಟ ಮಾಡಲಿಲ್ಲ. ಮರುದಿನ ಹತ್ತು ಗಂಟೆಗೆ ನಾವು ಮನೆ ಬಿಡಬೇಕಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಬಚ್ಚಲು ಉಜ್ಜಿದಳು, ಒಲೆ ಒರೆಸಿದಳು, ಮುಚ್ಚಳಗಳನ್ನು ಸಾಲಾಗಿ ಜೋಡಿಸಿದಳು. ಆಮೇಲೆ ಚೀಲವನ್ನು ಹಜಾರದ ಮಧ್ಯೆ ಬಾಯಿ ತೆರೆದಿಟ್ಟು, ಪಕ್ಕದಲ್ಲಿ ನಿಂತೇ ಇದ್ದಳು. ಅಮ್ಮ ವಿಷಯ ತಿಳಿದು ಕೆಂಡಾಮಂಡಲವಾಗಿದ್ದಳು. "ಈ ಚೀಟಿ ಅವಳ ಮುಖಕ್ಕೆ ಹಿಡಿತೀನಿ, ಬರಲಿ. ತಾರೀಖು ಸಮೇತ ಬರೆದಿದಾಳೆ ನಮ್ಮಕ್ಕ" ಅಂತ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಬಂದವಳು ಮಾಲೀಕಳಲ್ಲ, ಕೆಲಸದವಳು. ನಲವತ್ತರ ಆಸುಪಾಸಿನ ಹೆಂಗಸು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಬಲಗೈಯ ಎರಡು ಬೆರಳಿಗೆ ಪಟ್ಟಿ. "ಅಮ್ಮಾವ್ರು ಎಲ್ಲ ನೋಡ್ಕೊಂಡು ಬಾ ಅಂದಿದಾರೆ" ಅಂದಳು. ಯಾರ ಮುಖವನ್ನೂ ನೋಡಲಿಲ್ಲ. ಹಾಸಿಗೆ ನೋಡಿದಳು, ಬಚ್ಚಲು ನೋಡಿದಳು, ಟವೆಲ್ ಎಣಿಸಿದಳು. ಅಡುಗೆಮನೆಗೆ ಹೋದಳು. ಅವಳ ಹಿಂದೆಯೇ ದೊಡ್ಡಮ್ಮ ಹೋದಳು. ನಾನು ಬಾಗಿಲ ಹತ್ತಿರ ನಿಂತೆ.

ಅವಳು ಒಲೆ ನೋಡಿದಳು, ನಲ್ಲಿ ನೋಡಿದಳು, ಕಸದ ಡಬ್ಬಿ ನೋಡಿದಳು. ಹೂಜಿ ಇರಬೇಕಿದ್ದ ಕಪಾಟಿನ ಕಡೆ ಮಾತ್ರ ತಲೆ ಎತ್ತಲಿಲ್ಲ.

ದೊಡ್ಡಮ್ಮ ಮೆಲ್ಲಗೆ ಕೇಳಿದಳು. "ಯಾವತ್ತು ಒಡೆದದ್ದು?"

ಆ ಹೆಂಗಸು ಕಸದ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಮುಚ್ಚಿದಳು.

"ಸೋಪಿನ ಕೈಯಾ?"

ಅಷ್ಟು ಕೇಳಿದ್ದೇ ತಡ, ಅವಳು ಒಲೆಯ ಕಟ್ಟೆ ಹಿಡಿದುಕೊಂಡಳು. "ನೀವು ಬರೋ ಹಿಂದಿನ ದಿನ. ಜಾರ್ತು. ಆಗಲೇ ಎರಡು ಲೋಟ ಒಡೆದು ಬೈಸಿಕೊಂಡಿದೀನಿ. ಇನ್ನೊಂದು ಒಡೆದ್ರೆ ಬರಲೇಬೇಡ ಅಂದಿದ್ರು. ಅದೂ ಅವರ ತಾಯಿದು. ನಿನ್ನೆ ತಟ್ಟನೆ ಕೇಳಿಬಿಟ್ರು, ನನ್ನ ಬಾಯಲ್ಲಿ ಹಾಗೆ ಬಂದುಬಿಡ್ತು ಅಕ್ಕಾ. ನೀವು ದೊಡ್ಡೋರು, ನಿಮ್ಮನ್ನೇನೂ ಕೇಳಲ್ಲ ಅಂದ್ಕೊಂಡೆ."

ದೊಡ್ಡಮ್ಮ 'ದೊಡ್ಡೋರು' ಅಂತ ಒಂದು ಸಲ ತನ್ನಷ್ಟಕ್ಕೆ ಹೇಳಿಕೊಂಡಳು.

"ಬೆರಳು ಆಳವಾಗಿ ಕೊಯ್ದಿದೆಯಾ?"

"ಪರವಾಗಿಲ್ಲ."

"ನೀರಿಗೆ ಹಾಕಬೇಡ ಎರಡು ದಿನ. ಇಂಥದು ಎಷ್ಟು ಮನೆ ನೋಡ್ಕೋತೀಯಾ?"

"ಐದು. ಎಲ್ಲ ಅವರವೇ."

ದೊಡ್ಡಮ್ಮ ಕಣ್ಣು ಮುಚ್ಚಿ ಒಂದು ಉಸಿರು ಎಳೆದಳು. "ಫೋನ್ ಹಚ್ಚಿ ಕೊಡು" ಅಂದಳು.

ಆ ಹೆಂಗಸಿಗೆ ಜೀವವೇ ಹೋದಂತಾಯಿತು. "ಬೇಡಿ ಅಕ್ಕಾ..."

"ಕೊಡು. ನಿನ್ನ ಮಾತು ಎತ್ತಲ್ಲ."

ಫೋನ್ ಕಿವಿಗಿಡುವ ಮೊದಲು ಸೆರಗು ಸರಿಮಾಡಿಕೊಂಡಳು. ಗೋಡೆಗೆ ಒರಗದೆ ನೆಟ್ಟಗೆ ನಿಂತಳು. "ಅಮ್ಮಾ, ತಪ್ಪಾಯ್ತು" ಅಂದಳು. "ಹೂಜಿ ನಾನೇ ಒಡೆದೆ. ತೊಳೆಯೋವಾಗ ಜಾರ್ತು. ಹೆದರಿಕೊಂಡು ಮನೆಯವರಿಗೂ ಹೇಳಲಿಲ್ಲ."

ಹಜಾರದಲ್ಲಿ ಅಮ್ಮ, "ಏನಂದ್ಲು ಅವಳು?" ಅಂತ ಎದ್ದು ಬಂದಳು. ಅವಳ ಕೈಯಲ್ಲಿ ಆ ಕಾಗದ. ನಾನು ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಯಾಕೆ ಹಿಡಿದೆ ಅಂತ ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ದೊಡ್ಡಮ್ಮನ ಮಾತಿಗೆ ಅಡ್ಡ ಬರಬಾರದು ಅಂತಲೋ? ಇಲ್ಲ. ಕಳುವಾದದ್ದಲ್ಲ, ಒಡೆದದ್ದು ಅಂತಾದರೆ ಕ್ಲಿನಿಕ್ಕಿನಲ್ಲಿ ನಾನು ಉಳಿದುಕೊಳ್ಳುತ್ತೇನೆ ಅಂತ ಒಳಗೊಂದು ಲೆಕ್ಕ ಆಗಲೇ ಮುಗಿದಿತ್ತು.

ಫೋನಿನ ಆಚೆಯಿಂದ ಐದು ನಿಮಿಷ ಮಾತು ಬಂತು. ತಾಯಿಯ ನೆನಪು, ನಂಬಿಕೆ, ಮೊದಲೇ ಹೇಳಬಾರದಿತ್ತಾ. ದೊಡ್ಡಮ್ಮ ಪ್ರತಿಯೊಂದಕ್ಕೂ "ಹೌದಮ್ಮಾ, ಹೌದಮ್ಮಾ" ಅಂದಳು. ಆಮೇಲೆ ಫೋನನ್ನು ಸೆರಗಿನಿಂದ ಒರೆಸಿ ವಾಪಸ್ಸು ಕೊಟ್ಟಳು. ಕೆಲಸದವಳು ಕಾಲಿಗೆ ಬೀಳಲು ಬಗ್ಗಿದಳು, ದೊಡ್ಡಮ್ಮ ಹಿಂದೆ ಸರಿದಳು. "ಏಳು ಏಳು. ಯಾರಾದ್ರೂ ನೋಡಿದ್ರೆ?" ಅಂತ ಚಾವಣಿ ಕಡೆ ನೋಡಿದಳು.

ಬಸ್ಸಿನಲ್ಲಿ ಅಮ್ಮ ಅಕ್ಕನ ಜೊತೆ ಮಾತಾಡಲಿಲ್ಲ. ಅರ್ಧ ದಾರಿಯಲ್ಲಿ ತಡೆಯಲಾಗದೆ ಸಿಡಿದಳು. "ಹುಟ್ಟಿದಾಗಿನಿಂದ ಯಾರ ಕಡ್ಡಿಯನ್ನೂ ಮುಟ್ಟಿದವಳಲ್ಲ ನೀನು. ಅವಳು ನಿನ್ನ ಮೇಲೆ ಹಾಕಿದ್ಲಲ್ಲ, ಅವಳಿಗೋಸ್ಕರ ಮೈಮೇಲೆ ಎಳ್ಕೊಂಡ್ಯಾ?"

"ಹೆದರಿದೋರು ಹಾಗೇ ಕಣೇ ಹೇಳೋದು" ಅಂದಳು ದೊಡ್ಡಮ್ಮ. "ನನಗೆ ಅರವತ್ತೆರಡು. ಅವಳು ಇನ್ನೂ ಇಪ್ಪತ್ತು ವರ್ಷ ದುಡೀಬೇಕು."

ಇದನ್ನು ಕೇಳಿ ಅವಳಿಗೆ ಧೈರ್ಯ ಬಂದುಬಿಟ್ಟಿತು ಅಂದುಕೊಂಡರೆ ತಪ್ಪು. ಊರಿಗೆ ಬಂದ ಮೇಲೆ ಎರಡು ತಿಂಗಳು ಅವಳು ಸರಿಯಾಗಿ ಉಣ್ಣಲಿಲ್ಲ. ಫೋನ್ ಬಡಿದರೆ ಅಡುಗೆಮನೆಯಿಂದ ಓಡಿಬಂದು, "ಅವರೇನಾ?" ಅನ್ನುತ್ತಿದ್ದಳು. ಯಾರಾದರೂ ಬಾಗಿಲು ತಟ್ಟಿದರೆ ಒಳಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ, "ಒಡೆದದ್ದಕ್ಕೆ ಕೇಸು ಹಾಕೋಕೆ ಬರುತ್ತಾ?" ಅಂತ ನನ್ನನ್ನು ಕೇಳಿದಳು. ಇಲ್ಲ ಅಂದೆ. ಮರುದಿನ ಅದನ್ನೇ ಕೇಳಿದಳು.

ಮೂರು ವಾರವಾದ ಮೇಲೆ ಕ್ಲಿನಿಕ್ಕಿನಲ್ಲಿ, ಒಬ್ಬರ ಹಲ್ಲಿಗೆ ಸಿಮೆಂಟು ತುಂಬುತ್ತಾ ಡಾಕ್ಟರಮ್ಮ, "ನಿಮ್ಮ ದೊಡ್ಡಮ್ಮ ಹೂಜಿ ಒಡೆದ್ರಂತೆ? ಪಾಪ, ವಯಸ್ಸಾಯ್ತು" ಅಂದರು. ನನ್ನ ಕೈಯಲ್ಲಿ ಎಂಜಲು ಎಳೆಯುವ ಕೊಳವೆ ಇತ್ತು. ನಿಜ ಹೇಳಿದರೆ ಅಲ್ಲಿ ಆ ಹೆಂಗಸಿನ ಐದು ಮನೆಯ ಕೆಲಸ ಹೋಗುತ್ತೆ. ಹೇಳದಿದ್ದರೆ ದೊಡ್ಡಮ್ಮನ ಹೆಸರು ಹಾಗೇ ಉಳಿಯುತ್ತೆ. "ಹೌದು ಡಾಕ್ಟ್ರೇ" ಅಂದೆ. ಕೊಳವೆ ಅಲುಗಿ ರೋಗಿ ಕೆಮ್ಮಿದರು.

ಚೀಲ ತೆಗೆದದ್ದಕ್ಕೆ ಕ್ಷಮಿಸು ಅಂತ ಕೇಳಲು ನನಗೆ ಮಳೆಗಾಲದ ತನಕ ಆಗಲಿಲ್ಲ. ಒಂದು ಭಾನುವಾರ ಅವಳು ಹುರುಳಿಕಾಯಿ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು, "ದೊಡ್ಡಮ್ಮಾ, ಅವತ್ತು ನಾನು..." ಅಂದೆ.

"ಗೊತ್ತು ಬಿಡು" ಅಂದಳು, ಕಾಯಿಯಿಂದ ಕಣ್ಣೆತ್ತದೆ. "ನಿನ್ನ ಮುಖ ನೋಡಿದ್ದೆ. ಎಷ್ಟು ಹೆದರಿದ್ದೆ ನೀನು! ಉಗ್ರಾಣದಲ್ಲಿ ನನ್ನ ಮುಖವೂ ಹಾಗೇ ಇದ್ದಿರಬೇಕು."

ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ನಾರು ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು, ಆ ಹೆಂಗಸಿನ ಬೆರಳು ವಾಸಿಯಾಗಿರುತ್ತಾ ಅಂತ ಕೇಳಿದಳು. ಇಷ್ಟು ದಿನಕ್ಕೆ ಆಗಿರುತ್ತೆ ಅಂದೆ. ಅಷ್ಟರಲ್ಲಿ ಫೋನ್ ಬಡಿಯಿತು. ಅವಳ ಕೈ ಕಾಯಿಯ ಮೇಲೆ ಹಾಗೇ ನಿಂತಿತು.